ಇಪ್ಪತ್ತಾರನೆಯ ಅಂಕಿ

ಕಂತು: ಒಂಬತ್ತು

ಹನ್ನೆರಡು ಉಳಿಯಿತು.

ಪ್ರೂಫಮ್ಮ ಪೆನ್ಸಿಲ್ ಕೆಳಗಿಟ್ಟು, ಕಾಗದದ ತುಂಬ ಇಳಿದಿದ್ದ ಭಾಗಾಕಾರದ ಉದ್ದ ಬಾಲವನ್ನು ಬೆರಳಿಟ್ಟು ಮತ್ತೊಮ್ಮೆ ನೋಡಿದರು. ಬೆಳಗಿನಿಂದ ಇದು ಮೂರನೆಯ ಸಲ. ಮೂರು ಸಲವೂ ಇಪ್ಪತ್ತಾರರಿಂದ ಭಾಗಿಸಿದ್ದರು, ಮೂರು ಸಲವೂ ಶೇಷ ಹನ್ನೆರಡೇ.

"ಸಾಹೇಬರೇ, ಇದು ನಮ್ಮನೆಯವರು ಬರೆದದ್ದಲ್ಲ."

ಮೇಜಿನ ಆಚೆ ಕೂತು ಕಾಫಿ ಆರಿಸಿಕೊಳ್ಳುತ್ತಿದ್ದ ಮುದ್ರೆ ಸಾಹೇಬರು ತಲೆಯೆತ್ತಿದರು. ಅಂಚೆ ಇಲಾಖೆಯಲ್ಲಿ ಮೂವತ್ತೈದು ವರ್ಷ ಕಳೆದುಹೋದ ಪತ್ರಗಳ ಬೆನ್ನು ಹತ್ತಿ ನಿವೃತ್ತರಾದವರು ಅವರು. ಲಕೋಟೆಯ ಮೇಲಿನ ಅಂಚೆ ಮುದ್ರೆ ನೋಡಿ ಅದರ ಜಾತಕ ಹೇಳುತ್ತಿದ್ದುದರಿಂದ ಆ ಹೆಸರು. ಹೋದ ವರ್ಷದಿಂದ ಪ್ರೂಫಮ್ಮನ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದರು.

"ಕೈಬರಹ ಅವರದ್ದೇ ಅಲ್ವಾ ಅಕ್ಕ? ನಾನೇ ಭೂತಗನ್ನಡಿ ಹಿಡಿದು ನೋಡಿದ್ದೀನಿ. ಎಂಟರ ಹೊಟ್ಟೆ, ಐದರ ಕೊಕ್ಕೆ, ಎಲ್ಲಾ ತದ್ರೂಪು."

"ಕೈಬರಹ ಸುಳ್ಳು ಹೇಳಬಹುದು. ಶೇಷ ಹೇಳೋದಿಲ್ಲ."

"ನನಗೆ ಮಗ್ಗಿ ಹದಿನಾರರ ಮೇಲೆ ಬರೋದಿಲ್ಲ. ಸ್ವಲ್ಪ ಕೆಳಗಿಳಿದು ಹೇಳಿ."

ಪ್ರೂಫಮ್ಮ ಕಾರ್ಡನ್ನು ಅವರ ಕಡೆ ತಿರುಗಿಸಿದರು. ಹೋದ ತಿಂಗಳು ಬಂದಿದ್ದು, ಭಾಗಿಸಿ ನೋಡಲು ಇವತ್ತಿನವರೆಗೆ ಧೈರ್ಯ ಬಂದಿರಲಿಲ್ಲ. ಒಂದು ಮಾತಿಲ್ಲ, ಸಹಿಯಿಲ್ಲ. ಬರೀ ಅಂಕಿ:

36085 28850 36840 07860 36725 0

ಐದು ಅಂಕಿಗೊಮ್ಮೆ, ಕೊನೆಯ ಅಂಕಿಯ ಕೆಳಗೆ ಒಂದು ಪುಟ್ಟ ಚುಕ್ಕಿ.

ಆ ಚುಕ್ಕಿಯನ್ನು ಕಂಡರೆ ಪ್ರೂಫಮ್ಮನಿಗೆ ಈಗಲೂ ಪ್ರೆಸ್ಸಿನ ಮೇಜು ನೆನಪಾಗುತ್ತಿತ್ತು. ಅವರು ಗಂಡ ಹೆಂಡಿರು ಕೆಲಸ ಮಾಡುತ್ತಿದ್ದ ಪ್ರೆಸ್ಸಿನಲ್ಲಿ ಕಥೆ ಕಾದಂಬರಿ ಅಚ್ಚಾಗುತ್ತಿರಲಿಲ್ಲ. ಸೇತುವೆ ಕಟ್ಟುವವರಿಗೆ, ಹಡಗು ನಡೆಸುವವರಿಗೆ ಬೇಕಾದ ಗಣಿತದ ಕೋಷ್ಟಕಗಳು. ಪುಟ ಪುಟವೂ ಅಂಕಿಯೇ. ಮೇಜಿನ ಆಚೆ ಗಂಡ ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು, ಈಚೆ ಹೆಂಡತಿ ಪ್ರೂಫಿನ ಮೇಲೆ ಸ್ಕೇಲಿಟ್ಟು ತಾಳೆ ನೋಡುವುದು. ಐದು ಅಂಕಿಗೊಮ್ಮೆ ಉಸಿರು, ಉಸಿರಿನ ಜಾಗಕ್ಕೊಂದು ಚುಕ್ಕಿ.

ಹನ್ನೊಂದು ವರ್ಷ ಅವರಿಬ್ಬರೂ ಹಗಲೆಲ್ಲ ಅಂಕಿಯಲ್ಲೇ ಮಾತಾಡಿಕೊಂಡರು ಎನ್ನಬೇಕು. ಅದರಲ್ಲಿ ಪ್ರೂಫಮ್ಮನಿಗೆ ಯಾವ ಕೊರತೆಯೂ ಕಂಡಿರಲಿಲ್ಲ. ತನಗೆ ತಲೆನೋವಿದ್ದ ದಿನ, ಬಾಯಿಬಿಟ್ಟು ಹೇಳದಿದ್ದರೂ ಗಂಡ ತಿಳಿದುಕೊಂಡು ಅಂಕಿಗಳನ್ನು ಮೆಲ್ಲಗೆ, ಮಗುವನ್ನು ಮಲಗಿಸಿದ ಹಾಗೆ ಒಂದೊಂದಾಗಿ ಇಡುತ್ತಿದ್ದರು. ಇನ್ನೇನು ಬೇಕು?

ಊಟದ ಬಿಡುವಿನಲ್ಲಿ ಅವರದೊಂದು ಮೆಟ್ಟಿಲಾಟ.

"ಮೊದಲು ನೀವೊಂದು ಅಂಕಿ ಬರೀತೀರಿ," ಪ್ರೂಫಮ್ಮ ವಿವರಿಸಿದರು. "ಅದರ ಪಕ್ಕ ನಾನೊಂದು. ಎರಡಂಕಿ ಆಯ್ತು, ಎರಡರಿಂದ ಭಾಗ ಆಗ್ಬೇಕು. ಮೂರನೇದು ಸೇರಿಸಿದಾಗ ಪೂರ್ತಿ ಸಂಖ್ಯೆ ಮೂರರಿಂದ ಆಗ್ಬೇಕು. ನಾಲ್ಕಂಕಿಯದು ನಾಲ್ಕರಿಂದ. ಹೀಗೇ ಹತ್ತೋದು. ಯಾರು ಸಿಕ್ಕಿಹಾಕಿಕೊಳ್ತಾರೋ ಅವರು ಲೋಟ ತೊಳೀಬೇಕು."

ಸಾಹೇಬರು ಕಾರ್ಡನ್ನು ನೋಡುತ್ತ ಬಾಯಲ್ಲೇ ಲೆಕ್ಕ ಹಾಕಿದರು. "ಮೂವತ್ತಾರು, ಎರಡರಿಂದ ಹೋಗುತ್ತೆ. ಮುನ್ನೂರ ಅರವತ್ತು, ಮೂರರಿಂದ ಹೋಗುತ್ತೆ. ಮೂರು ಸಾವಿರದ ಆರುನೂರ ಎಂಟು... ನಾಲ್ಕರಿಂದ... ಹೋಯ್ತು ಕಣ್ರೀ!"

"ಇಪ್ಪತ್ತೈದನೇ ಮೆಟ್ಟಿಲವರೆಗೂ ಹೋಗುತ್ತೆ. ಮಿಕ್ಕವೆಲ್ಲ ಹದಿನೈದಕ್ಕೋ ಇಪ್ಪತ್ತಕ್ಕೋ ನಿಂತುಬಿಡ್ತವೆ. ಎಲ್ಲಾ ದಾರೀನೂ ಹತ್ತಿ ನೋಡಿದ್ವಿ ನಾವು, ಇಪ್ಪತ್ತು ಸಾವಿರ ಚಿಲ್ಲರೆ. ಎರಡು ವರ್ಷದ ಬಿಡುವೆಲ್ಲ ಅದಕ್ಕೇ ಹೋಯ್ತು. ಇಪ್ಪತ್ತೈದಂಕಿಗೆ ಮುಟ್ಟೋದು ಪ್ರಪಂಚದಲ್ಲಿ ಇದೊಂದೇ. ಇಪ್ಪತ್ತಾರಕ್ಕೆ ಮುಟ್ಟೋದು ಒಂದೂ ಇಲ್ಲ."

"ಒಂದೂ?"

"ಸೊನ್ನೆ ಇಟ್ಟರೆ ಹನ್ನೆರಡು ಉಳಿಯುತ್ತೆ. ಇಪ್ಪತ್ತಾರು ತುಂಬೋಕೆ ಇನ್ನೂ ಹದಿನಾಲ್ಕು ಬೇಕು. ಒಂದು ಮನೆಯಲ್ಲಿ ಒಂಬತ್ತಕ್ಕಿಂತ ದೊಡ್ಡದು ಕೂರುತ್ತಾ?"

ಸಾಹೇಬರು ತಲೆಯಾಡಿಸಿದರು.

ಆ ಸಂಖ್ಯೆ ವರ್ಷಕ್ಕೊಂದು ಅಂಕಿಯಾಗಿ ಬೆಳೆದು ಬಂದಿತ್ತು. ಇಪ್ಪತ್ತಾರು ವರ್ಷದ ಹಿಂದೆ, ಒಂದು ಮಂಗಳವಾರ, ಕನ್ನಡಕದ ಕಾಲು ಸರಿಮಾಡಿಸಿಕೊಂಡು ಬರುತ್ತೇನೆಂದು ಹೋದ ಗಂಡ ತಿರುಗಿ ಬರಲಿಲ್ಲ. ವರ್ಷ ತುಂಬಿದ ದಿನ ಒಂದು ಕಾರ್ಡು ಬಂತು. ಅದರಲ್ಲಿ ಮೂರು ಎಂಬ ಒಂದೇ ಅಂಕಿ. ಮರುವರ್ಷ ಮೂವತ್ತಾರು. ಅದರ ಮರುವರ್ಷ ಮುನ್ನೂರ ಅರವತ್ತು. ಆಗ ಪ್ರೂಫಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಿದ್ದರು. ಹತ್ತುತ್ತಿದ್ದಾರೆ, ಎಲ್ಲೋ ಬದುಕಿದ್ದಾರೆ, ನನ್ನ ಜೊತೆ ಆಡುತ್ತಿದ್ದಾರೆ.

ಹತ್ತು ವರ್ಷಕ್ಕೊಮ್ಮೆ ಅದರಲ್ಲಿ ಮೂರು, ಆರು ತಿರುಗಿ ಬರುತ್ತಿದ್ದವು. ಮೊದಲ ವರ್ಷಗಳಲ್ಲಿ ಒಮ್ಮೆ, ಹನ್ನೊಂದು ಹನ್ನೆರಡನೆಯ ವರ್ಷ ಮತ್ತೆ, ಇಪ್ಪತ್ತೊಂದು ಇಪ್ಪತ್ತೆರಡರಲ್ಲಿ ಮತ್ತೆ. ಯಾರೋ ಅದೇ ಬೀದಿಯಲ್ಲಿ ಹಾದುಹೋಗುತ್ತ, ಅದೇ ಮನೆಯ ಮುಂದೆ ಹೆಜ್ಜೆ ನಿಧಾನ ಮಾಡಿದ ಹಾಗೆ. ಹದಿನೈದು, ಹದಿನಾರನೆಯ ವರ್ಷಗಳಲ್ಲಿ ಬಂದದ್ದು ಎರಡೂ ಸೊನ್ನೆ. ಆ ಎರಡು ವರ್ಷ ಅವರಿಗೆ ಏನು ಕಷ್ಟವಿತ್ತೋ ಎಂದು ಈಕೆ ಸುಮ್ಮಸುಮ್ಮನೆ ಕೊರಗಿದ್ದರು. ಹೋದ ವರ್ಷ ಇಪ್ಪತ್ತೈದನೆಯದು ಬಂತು. ಇನ್ನು ಹತ್ತಲು ಮೆಟ್ಟಿಲಿಲ್ಲ, ಇನ್ನು ಬರುವುದಾದರೆ ಅವರೇ ಬರಬೇಕು. ವರ್ಷವಿಡೀ ಪ್ರೂಫಮ್ಮ ಹೊರಬಾಗಿಲ ಕೀಲಿಗೆ ಎಣ್ಣೆ ಹಾಕಿಟ್ಟುಕೊಂಡು ಕಾದರು.

ಬಂದದ್ದು ಈ ಕಾರ್ಡು.

"ಅಂದ್ರೆ ಈ ಆಟ ಗೊತ್ತಿಲ್ಲದವರು ಬರೆದದ್ದು," ಸಾಹೇಬರೆಂದರು. "ಆದ್ರೆ ಚುಕ್ಕಿ ಗೊತ್ತು."

"ಸೊನ್ನೆನೂ ಗೊತ್ತು." ಪ್ರೂಫಮ್ಮ ಎದ್ದು ಚಪ್ಪಲಿ ಹುಡುಕತೊಡಗಿದರು. "ಮೂಲಪ್ರತಿಯಲ್ಲಿ ಅಂಕಿ ಮಾಸಿಹೋಗಿದ್ದರೆ ನಮ್ಮಲ್ಲಿ ಅಚ್ಚುಮೊಳೆ ಜೋಡಿಸೋರು ಜಾಗ ಖಾಲಿ ಬಿಡ್ತಿರಲಿಲ್ಲ. ಬಿಟ್ಟರೆ ಸಾಲೇ ವಾಲುತ್ತೆ. ಒಂದು ಸೊನ್ನೆ ಕೂರಿಸಿ ಮುಂದೆ ಹೋಗ್ತಿದ್ರು, ಪ್ರೂಫಿನಲ್ಲಿ ಸಿಗುತ್ತೆ ಬಿಡು ಅನ್ನೋ ಧೈರ್ಯ. ಸಾಹೇಬರೇ, ನೀವು ಹೋದ ವಾರ ಕಾರ್ಡು ನೋಡಿ ಏನಂದ್ರಿ? ಯಾವ ಅಂಚೆ ಕಚೇರಿ?"

"ಇಪ್ಪತ್ತಾರೂ ಒಂದೇ ಕಚೇರಿಯವು. ಹಳೇ ಮಾರ್ಕೆಟ್ ಹಿಂದಿನದು."

"ಆ ಕಚೇರಿಯಿಂದ ನಾಲ್ಕು ಅಂಗಡಿ ಆಚೆ, ಆಗ ನಮ್ಮಲ್ಲಿ ಮೊಳೆ ಜೋಡಿಸ್ತಿದ್ದ ನನ್ನ ನಾದಿನಿ ಅಂಗಡಿ ಇಟ್ಕೊಂಡು ಕೂತಿದಾಳೆ."

ಸಾಹೇಬರ ಲೋಟ ತುಟಿಯ ಹತ್ತಿರವೇ ನಿಂತಿತು. "ನಿಮ್ಮ ಮೊಳೆನಾ? ನೀವು ಹುಷಾರು ತಪ್ಪಿದಾಗ ಹದಿನೈದು ದಿನ ಬಂದು ಅನ್ನ ಮಾಡಿ ಹಾಕಿದೋಳು?"

"ಅವಳೇ. ಅದಕ್ಕೇ ಕಾಲು ಬರ್ತಾ ಇಲ್ಲ ನನಗೆ."

ಕಾರ್ಡುಗಳ ಕಟ್ಟನ್ನು ಪ್ರೂಫಮ್ಮ ಚೀಲಕ್ಕೆ ಹಾಕಿಕೊಂಡಾಗ ಸಾಹೇಬರು, "ಅಷ್ಟೂ ಯಾಕೆ ಅಕ್ಕ? ಈ ವರ್ಷದ್ದೊಂದು ಸಾಲದಾ?" ಎಂದರು. ಪ್ರೂಫಮ್ಮ ಕೇಳಿಸಿಕೊಳ್ಳಲಿಲ್ಲ.

*

ಬಸ್ಸಿನಲ್ಲಿ ಸಾಹೇಬರು ಕಿಟಕಿಯ ಬದಿ ಬಿಸಿಲಿದೆಯೆಂದು ತಾವು ಅಲ್ಲಿ ಕೂತು, ಪ್ರೂಫಮ್ಮನನ್ನು ನೆರಳಿಗೆ ಕೂರಿಸಿದರು. ದಾರಿಯುದ್ದಕ್ಕೂ ಮಾತಿಲ್ಲ. ವಟವಟ ಎನ್ನುವ ಮನುಷ್ಯ ಸುಮ್ಮನಿದ್ದದ್ದು ತನ್ನ ಸಂಕಟ ನೋಡಿಯೇ ಎಂದು ಪ್ರೂಫಮ್ಮ ಮನಸ್ಸಿನಲ್ಲೇ ಅವರಿಗೆ ಒಳ್ಳೆಯದನ್ನು ಹಾರೈಸಿದರು.

ರಬ್ಬರ್ ಸ್ಟಾಂಪಿನ ಅಂಗಡಿ ಇಬ್ಬರು ನಿಂತರೆ ತುಂಬುವಷ್ಟಿತ್ತು. ಗೋಡೆಗೆ ಒರಗಿದ ಮೊಳೆ ಪೆಟ್ಟಿಗೆ, ಅದರ ಖಾನೆಗಳಲ್ಲಿ ಹಳೆಯ ಪ್ರೆಸ್ಸು ಮುಚ್ಚಿದಾಗ ತಂದ ಅಚ್ಚುಮೊಳೆಗಳು. ಒಲೆಯ ಮೇಲೆ ರಬ್ಬರು ಬೇಯುವ ವಾಸನೆ. ಕಡ್ಡಿಯಂತಿದ್ದ, ಅರವತ್ತರ ಹತ್ತಿರದ ಹೆಂಗಸು ಚಿಮುಟದಲ್ಲಿ ಒಂದು ಅಕ್ಷರ ಹಿಡಿದು ಬೆಳಕಿಗೆ ನೋಡುತ್ತಿದ್ದಳು. ಪ್ರೆಸ್ಸಿನಲ್ಲಿ ಇಟ್ಟ ಮೊಳೆ ಎಂಬ ಹೆಸರು ಮನೆಯಲ್ಲೂ ನಿಂತಿತ್ತು.

"ಅಯ್ಯೋ ಅತ್ತಿಗೆ! ಈ ಬಿಸಿಲಲ್ಲಿ? ಹೇಳಿ ಕಳಿಸಿದ್ರೆ ನಾನೇ ಬರ್ತಿರಲಿಲ್ವಾ?" ತನ್ನ ಕುರ್ಚಿಯ ಮೇಲಿದ್ದ ದಿಂಬನ್ನು ತಟ್ಟಿ ಅತ್ತಿಗೆಯ ಬೆನ್ನಿಗಿಟ್ಟಳು. ಫ್ಯಾನನ್ನು ಅವರ ಕಡೆ ತಿರುಗಿಸಿದಳು. "ನೀವೂ ಕೂತ್ಕೊಳ್ಳಿ ಸಾಹೇಬರೇ, ಆ ಡಬ್ಬದ ಮೇಲೆ. ಮುರಿಯೋಲ್ಲ, ನಿಮಗಿಂತ ಭಾರದ ಗಿರಾಕಿಗಳು ಕೂತಿದಾರೆ."

ಪ್ರೂಫಮ್ಮ ಆ ಉಪಚಾರವನ್ನೆಲ್ಲ ನೋಡುತ್ತಿದ್ದರು. ಇಷ್ಟು ಪ್ರೀತಿಯ ಎದುರಿಗೆ ಹೇಗೆ ಬಾಯಿ ತೆರೆಯುವುದು? ಕೊನೆಗೆ ತೆರೆಯಲಿಲ್ಲ. ಕಾರ್ಡನ್ನು ತೆಗೆದು ಮೊಳೆ ಪೆಟ್ಟಿಗೆಯ ಮೇಲಿಟ್ಟರು. ಕೆಂಪು ಪೆನ್ಸಿಲಿನಿಂದ ಕೊನೆಯ ಸೊನ್ನೆಯ ಸುತ್ತ ಒಂದು ಗೆರೆ ಎಳೆದು, ಪಕ್ಕದಲ್ಲಿ ಪ್ರೂಫಿನ ಪ್ರಶ್ನೆ ಚಿಹ್ನೆ ಹಾಕಿದರು.

ಮೊಳೆಯ ಚಿಮುಟದಿಂದ ಅಕ್ಷರ ಜಾರಿ ನೆಲಕ್ಕೆ ಬಿತ್ತು.

"ನಾನೇನೂ ಕೇಳಲೇ ಇಲ್ಲ," ಎಂದರು ಪ್ರೂಫಮ್ಮ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು ಅಲ್ವಾ?" ಮೊಳೆ ನಗಲು ನೋಡಿದಳು, ಆಗಲಿಲ್ಲ. "ಹೇಗೆ ಗೊತ್ತಾಯ್ತು ಅತ್ತಿಗೆ? ಅಂಕಿ ತಿದ್ದಿಸಿದ್ದು ಅಣ್ಣನೇ. ನಂದು ಅವಂದು ಒಂದೇ ಕೈ ಅಂತ ಮೇಷ್ಟ್ರೇ ಬೈತಿದ್ರು."

"ಆ ಮನೆಯಲ್ಲಿ ಯಾವ ಅಂಕೀನೂ ಕೂರೋದಿಲ್ಲ ಕಣೇ. ನಿಮ್ಮಣ್ಣನಿಗೆ ಅದು ಗೊತ್ತು."

"ನನಗೆ ಗೊತ್ತಿರಲಿಲ್ಲ. ನೀವಿಬ್ರೂ ಊಟದ ಹೊತ್ತಲ್ಲಿ ಏನೋ ಗೀಚ್ತಾ ನಗ್ತಿದ್ರಿ. ನಾನು ದೂರದಿಂದ ನೋಡಿ, ಇವರಿಗೇನು ಹುಚ್ಚಾ ಅಂದ್ಕೊಳ್ತಿದ್ದೆ." ಅವಳು ಸೆರಗಿನಿಂದ ಕೈಯ ಮಸಿ ಒರೆಸಿಕೊಂಡಳು. "ಈ ಸಲ ದಿನ ಬಂತು, ಹೋಯ್ತು. ನೀವು ಬಾಗಿಲ ಹತ್ರ ಕುರ್ಚಿ ಹಾಕ್ಕೊಂಡು ಕೂತಿದ್ರಿ. ತಲೆ ಬಾಚಿರಲಿಲ್ಲ. ಎರಡು ದಿನ ನೋಡಿದೆ, ಮೂರನೇ ದಿನ ತಡೀಲಿಲ್ಲ. ನಿಮ್ಮ ಮೇಜಿನ ಮೇಲಿದ್ದ ಹಿಂದಿನದಕ್ಕೆ ಒಂದು ಅಂಕಿ ಸೇರಿಸಿದ್ರೆ ಆಯ್ತಲ್ಲ, ಇನ್ನೊಂದು ವರ್ಷ ಉಣ್ಣುತ್ತಾರೆ, ಮಲಗ್ತಾರೆ ಅಂತ. ಬೇಕಾದ್ರೆ ಬೈಯಿರಿ."

ಪ್ರೂಫಮ್ಮ ಬೈಯಲಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ ಇತ್ತು.

"ಮಿಕ್ಕವು ಯಾರು ಹಾಕಿದ್ದು, ಮೊಳೆ?"

ಮೊಳೆ ಬಗ್ಗಿ ನೆಲಕ್ಕೆ ಬಿದ್ದ ಅಕ್ಷರವನ್ನು ಹುಡುಕತೊಡಗಿದಳು. ಫ್ಯಾನು ಕಟಕಟ ಎನ್ನುತ್ತಿತ್ತು.

"ಎಲ್ಲವೂ ಇದೇ ಬೀದಿಯ ಅಂಚೆ ಕಚೇರಿಯಿಂದ ಬಂದಿವೆ. ಹೇಳು."

"ನಾನೇ." ಮೊಳೆಯ ದನಿ ಇಳಿಯಿತು. "ಆದ್ರೆ ಬರೆದದ್ದು ಅಣ್ಣನೇ, ನಿಮ್ಮಾಣೆ. ಹೋಗೋಕೆ ಮುಂಚೆ ಒಂದು ಕಟ್ಟು ತಂದುಕೊಟ್ಟ. ವಿಳಾಸ ಬರೆದು, ಅಂಚೆ ಚೀಟಿ ಅಂಟಿಸಿ, ಎಲ್ಲಾ ಸಿದ್ಧ. ವರ್ಷಕ್ಕೊಂದು ಹಾಕು, ಈ ದಿನಾನೇ ಹಾಕು, ಯಾಕೆ ಅಂತ ಕೇಳಬೇಡ, ಅವಳಿಗೆ ಹೇಳಬೇಡ ಅಂದ. ತಲೆ ಮೇಲೆ ಕೈ ಇಡಿಸ್ಕೊಂಡ. ಅಂಚೆ ದರ ಏರಿದಾಗಲೆಲ್ಲ ನಾನೇ ಪಕ್ಕದಲ್ಲಿ ಇನ್ನೊಂದು ಚೀಟಿ ಅಂಟಿಸಿ ಹಾಕ್ತಿದ್ದೆ."

ಪ್ರೂಫಮ್ಮನ ಕಿವಿಯಲ್ಲಿ ಫ್ಯಾನಿನ ಸದ್ದು ನಿಂತುಹೋಯಿತು.

ಒಂದೇ ದಿನ ಬರೆದದ್ದು. ಒಂದೇ ಸಲ ಕೂತು, ಒಂದೇ ಮಸಿಯಲ್ಲಿ. ಹತ್ತನೆಯ ವರ್ಷದ ನಡುಕವಿಲ್ಲದ ಎಂಟು, ಇಪ್ಪತ್ತನೆಯ ವರ್ಷವೂ ನಡುಗದ ಎಂಟು. ಅಷ್ಟು ವರ್ಷಕ್ಕೆ ಮುಪ್ಪಾಗದ ಕೈಯನ್ನು ಕಂಡು ಈಕೆ ಹೆಮ್ಮೆಪಟ್ಟಿದ್ದರು! ಆ ಎರಡು ಸೊನ್ನೆಯ ವರ್ಷಗಳಿಗೆ ಅತ್ತಿದ್ದರು! ಬರೆದ ಮನುಷ್ಯ ಮಾರನೆಯ ದಿನವೇ ಸತ್ತುಹೋಗಿದ್ದರೂ ಈ ಮೆಟ್ಟಿಲುಗಳು ಹೀಗೇ ಏರಿ ಬರುತ್ತಿದ್ದವು.

"ಅಂದ್ರೆ ಅವರು ಬದುಕಿದಾರೆ ಅನ್ನೋಕೆ..." ಪ್ರೂಫಮ್ಮನಿಗೆ ಮಾತು ಮುಗಿಸಲಾಗಲಿಲ್ಲ. "ಇಪ್ಪತ್ತೈದು ವರ್ಷ ನಾನು ಯಾರ ಜೊತೆ ಆಡಿದೆ ಹಾಗಾದ್ರೆ?"

ಮೊಳೆ ಅವರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಎರಡೂ ಕೈ ಹಿಡಿದುಕೊಂಡಳು. "ಇಪ್ಪತ್ತೈದಲ್ಲ ಅತ್ತಿಗೆ. ಇಪ್ಪತ್ತನಾಲ್ಕು."

"ಏನು?"

"ಕಟ್ಟಿನಲ್ಲಿದ್ದದ್ದು ಇಪ್ಪತ್ತನಾಲ್ಕೇ. ನಾನು ಆಗಲೇ ಎಣಿಸಿದ್ದೆ, ಎಣಿಸಿ ಕೇಳಿದ್ದೆ, ಇದು ಯಾವ ಲೆಕ್ಕ, ಇಪ್ಪತ್ತೈದು ಅಂತ ಮಾಡಬಾರದಾ ಅಂತ. ಕೊನೇದು ನಾನೇ ತರ್ತೀನಿ ಅಂದ. ಹೋದ ವರ್ಷ ನನ್ನ ಹತ್ರ ಕಾರ್ಡೇ ಇರಲಿಲ್ಲ. ಕೈ ಹಿಸುಕ್ಕೊಂಡು ನಿಮ್ಮನೆಗೆ ಬಂದರೆ, ನೀವು ಕಾರ್ಡು ಬಂತು ಅಂತ ಕುಣೀತಿದ್ರಿ. ಅಣ್ಣ ಎಲ್ಲಿಂದಲೋ ಅಂಚೆಗೆ ಹಾಕಿದಾನೆ, ಹಿಂದೆಯೇ ಬರ್ತಾನೆ ಅಂದ್ಕೊಂಡೆ. ವರ್ಷ ಪೂರ್ತಿ ನಾನೂ ಕಾದೆ ಅತ್ತಿಗೆ, ನಿಮ್ಮ ಹಾಗೇ."

ಪ್ರೂಫಮ್ಮ ಚೀಲದಿಂದ ಕಟ್ಟನ್ನು ತೆಗೆದು ಬಿಚ್ಚಿದರು. ಮೇಲಿದ್ದ ಹೋದ ವರ್ಷದ ಕಾರ್ಡನ್ನು ಬೆಳಕಿಗೆ ಹಿಡಿದರು. ಕೊನೆಯ ಐದು. ಅದರ ಕೆಳಗಿನ ಚುಕ್ಕಿ. ಕೊಕ್ಕೆ ಸ್ವಲ್ಪ ಅಲುಗಿತ್ತು. ವಯಸ್ಸಾದ ಕೈ. ಹೋದ ವರ್ಷ ತನಗೆ ಇದು ಕಾಣಲಿಲ್ಲವೇ?

"ಕೊಡಿ ನೋಡೋಣ," ಎಂದು ಸಾಹೇಬರು ಕೈ ಚಾಚಿದರು. ಆದರೆ ಕಾರ್ಡು ಆಗಲೇ ಮೊಳೆಯ ಕೈ ಸೇರಿತ್ತು. ದಿನಬೆಳಗಾದರೆ ಮುದ್ರೆಗಳನ್ನೇ ಮಾಡುವವಳು ಅವಳು. ಅಂಕಿಯ ಕಡೆ ನೋಡದೆ ಹಿಂಬದಿ ತಿರುಗಿಸಿದಳು.

"ಅತ್ತಿಗೆ, ಇದರ ಮೇಲೆ ಮುದ್ರೇನೇ ಇಲ್ಲವಲ್ಲ!"

ಪ್ರೂಫಮ್ಮ ಬಗ್ಗಿ ನೋಡಿದರು. ಹಳೆಯ ದರದ ಒಂದೇ ಚೀಟಿ, ಪಕ್ಕದಲ್ಲಿ ಇನ್ನೊಂದು ಅಂಟಿಸಿಲ್ಲ. ಚೀಟಿಯ ಮೇಲೆ ಅಂಚೆಯ ಕಪ್ಪು ಉಂಗುರವಿಲ್ಲ. ಅಂಕಿಯ ಪ್ರೂಫ್ ನೋಡಿ ನೋಡಿ ಬೆಳೆದ ಕಣ್ಣು, ಇಪ್ಪತ್ತೈದು ವರ್ಷದಲ್ಲಿ ಒಂದು ದಿನವೂ ಕಾರ್ಡಿನ ಆ ಬದಿಯನ್ನು ಓದಿರಲಿಲ್ಲ.

"ಇದು ಅಂಚೆಯಲ್ಲಿ ಬಂದದ್ದಲ್ಲ," ಮೊಳೆ ಪಿಸುಗುಟ್ಟಿದಳು. "ಕೈಯಾರೆ ತಂದು ಹಾಕಿದ್ದು."

ಪ್ರೂಫಮ್ಮನ ಕಣ್ಣ ಮುಂದೆ ಆ ಮಧ್ಯಾಹ್ನ ಬಂದು ನಿಂತಿತು. ಬಾಗಿಲ ಸಂದಿಯಿಂದ ಕಾರ್ಡು ಒಳಗೆ ಬಿದ್ದದ್ದು. ಎತ್ತಿಕೊಂಡ ತಕ್ಷಣ ಮೇಜಿಗೆ ಹೋಗಿ ಕೂತದ್ದು. ಕೊನೆಯ ಎರಡಂಕಿ ನೋಡಿದ್ದರೆ ಸಾಕಿತ್ತು, ಇಪ್ಪತ್ತೈದರಿಂದ ಭಾಗವಾಗುತ್ತದೆಂದು ಕಣ್ಣಿಗೇ ಗೊತ್ತಾಗುತ್ತಿತ್ತು. ಆದರೂ ಹಿಂದಿನ ವರ್ಷದ ಕಾರ್ಡನ್ನು ಪಕ್ಕದಲ್ಲಿಟ್ಟು, ಸ್ಕೇಲಿಟ್ಟು, ಐದೈದಾಗಿ ತಾಳೆ ನೋಡಿದ್ದರು. ಕಸುಬಿನ ಚಾಳಿ.

"ಯಾರೋ ಬಾಗಿಲು ತಟ್ಟಿದರು ಕಣೇ," ಎಂದರು. "ಬಂದೆ, ಒಂದು ನಿಮಿಷ, ಅಂತ ಒಳಗಿಂದಲೇ ಕೂಗಿದೆ. ಮತ್ತೆ ತಟ್ಟಿದರು. ಮೂರನೇ ಚುಕ್ಕಿಯಲ್ಲಿದ್ದೆ. ಮುಗಿಸೇ ಎದ್ದೆ."

"ಬಾಗಿಲು ತೆಗೆದಾಗ?"

ಪ್ರೂಫಮ್ಮ ನಿಧಾನವಾಗಿ ಡಬ್ಬದ ಕಡೆ ತಿರುಗಿದರು.

"ಹೊರಗೆ ಸಾಹೇಬರು ನಿಂತಿದ್ರು. ಮಹಡಿ ಮೇಲೆ ಕೋಣೆ ಖಾಲಿ ಇದೆಯಂತೆ ಅಂತ ಕೇಳಿಕೊಂಡು."

ಮುದ್ರೆ ಸಾಹೇಬರು ಭೂತಗನ್ನಡಿಯನ್ನು ಕರವಸ್ತ್ರದಿಂದ ಒರೆಸುತ್ತಿದ್ದರು. ಒರೆಸಿದ್ದನ್ನೇ ಒರೆಸುತ್ತಿದ್ದರು.

"ಇಪ್ಪತ್ತಾರೂ ಒಂದೇ ಕಚೇರಿಯವು ಅಂದ್ರಿ ಸಾಹೇಬರೇ. ಲಕೋಟೆ ನೋಡಿ ಜಾತಕ ಹೇಳೋ ಕಣ್ಣು ನಿಮ್ಮದು. ಮುದ್ರೆ ಇಲ್ಲದ್ದು ನಿಮಗೆ ಕಾಣಲಿಲ್ವಾ?"

ಅವರು ಕರವಸ್ತ್ರವನ್ನು ನಾಲ್ಕಾಗಿ ಮಡಚಿದರು.

"ಕೋಣೆ ಖಾಲಿ ಇದೆ ಅಂತ ನಾನು ಬೋರ್ಡು ಹಾಕಿರಲಿಲ್ಲ. ಪಕ್ಕದ ಮನೆಯವರಿಗೂ ಹೇಳಿರಲಿಲ್ಲ. ನಿಮಗೆ ಯಾರು ಹೇಳಿದ್ರು?"

ಭೂತಗನ್ನಡಿ ಮಡಿಲಿಗೆ ಬಿತ್ತು. ಸಾಹೇಬರ ಕಣ್ಣಲ್ಲಿ ನೀರು ತುಂಬಿತ್ತು.

"ಅವರೇ ಹೇಳಿದ್ರು ಅಕ್ಕ," ಎಂದರು. "ಇವತ್ತು ಬೆಳಿಗ್ಗೆನೂ ಕೇಳಿದ್ರು, ನೀವು ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದ್ದೀರಾ ಅಂತ."